ಸ್ನಾನದ ಮನೆಗೆ ವ್ಯಾನಿಟಿ: ಕೊಳ್ಳುವ ಮೊದಲು ಅಳೆಯಬೇಕಾದ್ದು, ಕೇಳಬೇಕಾದ್ದು

ಹೊಸ ಮನೆ ಕಟ್ಟಿಸುತ್ತಿರುವವರು, ಹಳೇ ಬಾತ್‌ರೂಮು ಒಡೆಸಿ ಹೊಸದು ಮಾಡಿಸುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ವ್ಯಾನಿಟಿ ಯಾವುದು ತಗೊಳ್ಳೋದು? ಅಂಗಡೀಲಿ ನೋಡಿದ್ದು ಚೆನ್ನಾಗಿದೆ, ಬಾಳಿಕೆ ಬರುತ್ತಾ?" ಜೊತೆಗೊಂದು ಫೋಟೋ ಇರುತ್ತದೆ. ಫೋಟೋ ನೋಡಿದರೆ ಬಣ್ಣ ಗೊತ್ತಾಗುತ್ತದೆ, ಬಾಳಿಕೆ ಗೊತ್ತಾಗುವುದಿಲ್ಲ. ನಿಮ್ಮ ಬಚ್ಚಲಿನಲ್ಲಿ ನೀರು ಎಲ್ಲೆಲ್ಲಿ ಬೀಳುತ್ತದೆ, ಅದು ಬೋರ್‌ವೆಲ್ ನೀರೋ ಕಾವೇರಿ ನೀರೋ, ಗೋಡೆಯಿಂದ ಪೈಪು ಎಷ್ಟು ಎತ್ತರದಲ್ಲಿ ಹೊರಗೆ ಬಂದಿದೆ, ಇಷ್ಟು ತಿಳಿದ ಮೇಲೆ ಉತ್ತರ ಹೇಳಬಹುದು. ಈ ಲೇಖನ ಅದಕ್ಕಾಗಿ.

ಮೊದಲು ಪದದ ಅರ್ಥ ಹೇಳಿಬಿಡುತ್ತೇನೆ. ಕೈ ಮುಖ ತೊಳೆಯುವ ಬೇಸಿನ್, ಅದು ಕೂರುವ ಕಲ್ಲು ಅಥವಾ ಕೌಂಟರ್, ಅದರ ಕೆಳಗಿನ ಕಪಾಟು, ಇವು ಮೂರೂ ಸೇರಿದ್ದನ್ನು ವ್ಯಾನಿಟಿ ಎನ್ನುತ್ತಾರೆ. ಕೆಲವರು ಮೇಲಿನ ಕನ್ನಡಿಯನ್ನೂ ಸೇರಿಸಿಯೇ ಮಾರುತ್ತಾರೆ. ನೆಲದ ಮೇಲೆ ಕಾಲೂರಿ ನಿಲ್ಲುವುದು ಒಂದು ಜಾತಿ. ನೆಲ ಮುಟ್ಟದೆ ಗೋಡೆಗೆ ತೂಗಿಕೊಂಡಿರುವುದು ಇನ್ನೊಂದು. ಅದನ್ನು ವಾಲ್ ಹಂಗ್ ಎನ್ನುತ್ತಾರೆ.

ನನ್ನ ಸ್ವಂತ ಮನೆಯಲ್ಲಿ ಮೊದಲ ಸಲ ತಂದದ್ದು ನೆಲದ ಮೇಲೆ ನಿಲ್ಲುವ ರೆಡಿಮೇಡ್ ವ್ಯಾನಿಟಿ. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ತಳದ ಹಲಗೆಯ ಅಂಚು ಕಾಫಿಯಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬಿತ್ತು. ಮೇಲಿನ ಲ್ಯಾಮಿನೇಟ್ ಎದ್ದು ಬಂದಿತ್ತು. ಉಗುರಿನಿಂದ ಕೆರೆದರೆ ಒದ್ದೆ ಹೊಟ್ಟು ಉದುರುತ್ತಿತ್ತು. ಅಂಗಡಿಯವರನ್ನು ಕೇಳಿದಾಗ, "ನೀರು ತಾಗಬಾರದು ಸರ್ ಅದಕ್ಕೆ" ಅಂದರು. ಬಚ್ಚಲಿಗೆಂದೇ ಮಾರಿದ ವಸ್ತುವಿಗೆ ನೀರು ತಾಗಬಾರದು ಎಂಬ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ನಿಮಗೆ ಹಾಗಾಗಬಾರದು ಎಂಬ ಕಾಳಜಿಯಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಳತೆ ಟೇಪು, ಪೆನ್ಸಿಲ್, ಒಂದು ಹಾಳೆ ಹತ್ತಿರ ಇಟ್ಟುಕೊಳ್ಳಿ.

1. ನಿಮ್ಮದು ಒದ್ದೆ ಬಚ್ಚಲೋ, ಒಣ ಬಚ್ಚಲೋ?

ಕ್ಯಾಟಲಾಗಿನಲ್ಲಿ ಕಾಣುವ ಬಾತ್‌ರೂಮುಗಳ ನೆಲ ಒಣಗಿರುತ್ತದೆ. ಸ್ನಾನ ಗಾಜಿನ ಗೋಡೆಯ ಆಚೆ ನಡೆಯುತ್ತದೆ. ನಮ್ಮ ಮನೆಗಳಲ್ಲಿ ಬಕೆಟ್, ಚೊಂಬು, ಸ್ಟೂಲು. ತಲೆಗೆ ಎಣ್ಣೆ ಹಚ್ಚಿಕೊಂಡು ನೀರು ಸುರಿದುಕೊಂಡರೆ ಮೂರು ಗೋಡೆಗೂ ಹಾರುತ್ತದೆ. ವಾರಕ್ಕೊಮ್ಮೆ ಪೊರಕೆ ಹಿಡಿದು ನೆಲ, ಗೋಡೆ ಎಲ್ಲ ತಿಕ್ಕಿ, ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆಯುತ್ತೇವೆ. ಈ ಅಭ್ಯಾಸ ಒಳ್ಳೆಯದೇ. ಅದಕ್ಕೆ ಒಗ್ಗುವ ವ್ಯಾನಿಟಿ ತರಬೇಕು.

ಹೀಗೆ ಮಾಡಿ. ಮನೆಯವರೆಲ್ಲ ಸ್ನಾನ ಮುಗಿಸಿದ ಕೂಡಲೇ ಒಳಗೆ ಹೋಗಿ, ವ್ಯಾನಿಟಿ ಬರಬೇಕಾದ ಗೋಡೆಯನ್ನು ನೋಡಿ. ನೆಲದಿಂದ ಎಷ್ಟು ಎತ್ತರದವರೆಗೆ ಹನಿ ಬಿದ್ದಿದೆ? ಪೆನ್ಸಿಲಿನಿಂದ ಗುರುತು ಹಾಕಿ. ಗುರುತು ಒಂದು ಅಡಿಗಿಂತ ಕೆಳಗಿದ್ದರೆ ಗೋಡೆಗೆ ತೂಗುಹಾಕುವ ಕಪಾಟು ನಡೆಯುತ್ತದೆ. ಅದಕ್ಕಿಂತ ಮೇಲಿದ್ದರೆ, ಅಂದರೆ 4 ಅಡಿಗೆ 7 ಅಡಿಯ ಬಚ್ಚಲಿನಲ್ಲೇ ಕಮೋಡು, ಬೇಸಿನ್, ಸ್ನಾನ ಎಲ್ಲ ಇದ್ದು ನಡುವೆ ಗಾಜು ಹಾಕುವ ಯೋಚನೆಯೂ ಇಲ್ಲದಿದ್ದರೆ, ನನ್ನ ಸಲಹೆ ಖಂಡಿತವಾಗಿ ಇದು: ಬೇಸಿನ್ ಕೆಳಗೆ ಕಪಾಟೇ ಬೇಡ. ಗೋಡೆಯಿಂದ ಗೋಡೆಗೆ ಒಂದು ಗ್ರಾನೈಟ್ ಹಾಸು, ಅದರಲ್ಲಿ ಬೇಸಿನ್, ಕೆಳಗೆ ಬೇಕಿದ್ದರೆ ಇನ್ನೊಂದು ಕಲ್ಲಿನ ಹಲಗೆ. ಸಾಮಾನು ಇಡುವುದಕ್ಕೆ ಮೇಲೆ ಕನ್ನಡಿ ಕಪಾಟು ಮಾಡಿಸಿ. ಮುಖದ ಎತ್ತರಕ್ಕೆ ಚೊಂಬಿನ ನೀರು ಅಷ್ಟಾಗಿ ಹಾರುವುದಿಲ್ಲ.

ನೆಲಕ್ಕೆ ಕಾಲೂರುವ ವ್ಯಾನಿಟಿಯನ್ನು ಒದ್ದೆ ಬಚ್ಚಲಿಗೆ ತರಲೇಬೇಡಿ. ಅದರ ಅಡಿಯಲ್ಲಿ ಪೊರಕೆ ಹೋಗುವುದಿಲ್ಲ, ನೀರು ನಿಲ್ಲುತ್ತದೆ, ಜಿರಳೆ ಸೇರುತ್ತದೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಅಲ್ಲಿ ಬೂಸಲು ಬಂದರೆ ಕೈ ಹಾಕಿ ತೆಗೆಯಲೂ ಆಗದು. ಊಟದ ಕೋಣೆಯ ಪಕ್ಕ ಕೈ ತೊಳೆಯುವುದಕ್ಕೆಂದು ಬೇರೆ ಬೇಸಿನ್ ಇಡುತ್ತೀರಲ್ಲ, ಆ ಒಣ ಜಾಗಕ್ಕೆ ಕಾಲಿರುವ ವ್ಯಾನಿಟಿ ಚೆನ್ನಾಗಿ ಒಪ್ಪುತ್ತದೆ.

2. ಜಾಗ ಅಳೆಯಿರಿ

ಅಗಲ, ಆಳ, ಎದುರಿನ ಖಾಲಿ ಜಾಗ, ಈ ಮೂರು ಅಳತೆ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ 18, 24, 30, 36 ಇಂಚು ಅಗಲದವು ಸಿಗುತ್ತವೆ. ಆಳ ಎಂದರೆ ಗೋಡೆಯಿಂದ ಮುಂದಕ್ಕೆ ಚಾಚುವ ಅಳತೆ. ಅದು 18ರಿಂದ 22 ಇಂಚು. ಚಿಕ್ಕ ಬಚ್ಚಲಿಗೆ 12ರಿಂದ 15 ಇಂಚಿನವೂ ಬರುತ್ತವೆ. ಬೇಸಿನ್ ಮುಂದೆ ಒಬ್ಬರು ಬಾಗಿ ಮುಖ ತೊಳೆಯುವುದಕ್ಕೆ ಎರಡು ಅಡಿ ಖಾಲಿ ಬಿಡಿ, ಎರಡೂವರೆ ಸಿಕ್ಕರೆ ಇನ್ನೂ ಒಳ್ಳೆಯದು.

ಬಾಗಿಲು ಒಳಗೆ ತೆರೆಯುತ್ತದಾದರೆ ಅದು ತಿರುಗುವ ದಾರಿಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ವ್ಯಾನಿಟಿಯ ಅಳತೆಗೆ ಹಳೇ ಪೇಪರ್ ಕತ್ತರಿಸಿ ಗೋಡೆಯ ಬುಡದಲ್ಲಿ ಹಾಸಿ. ಎರಡು ದಿನ ಅದನ್ನು ದಾಟಿಕೊಂಡು ಓಡಾಡಿದರೆ, ಕಮೋಡಿನ ಮೇಲೆ ಕೂತಾಗ ಮೊಣಕೈ ತಾಗುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಡ್ರಾಯರ್ ಎಳೆದಾಗ ಎಲ್ಲಿಗೆ ಬರುತ್ತದೆ ಎಂಬುದನ್ನೂ ನೋಡಿ. ಚೂಪು ಮೂಲೆಯ ಕಲ್ಲು ಓಡಾಡುವ ದಾರಿಗೆ ಬಂದರೆ ಮಕ್ಕಳ ಹಣೆಗೆ ಸರಿಯಾಗಿ ಇರುತ್ತದೆ, ಮೂಲೆ ದುಂಡಾಗಿಸಲು ಹೇಳಿ.

3. ಎತ್ತರದ ಲೆಕ್ಕ ತಪ್ಪಬೇಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ನೆಲದಿಂದ ಬೇಸಿನ್ನಿನ ಮೇಲಂಚಿಗೆ 32ರಿಂದ 34 ಇಂಚು ಇದ್ದರೆ ದೊಡ್ಡವರಿಗೆ ಸಲೀಸು. ಗಮನಿಸಿ, ಈ ಲೆಕ್ಕ ಬೇಸಿನ್ನಿನ ಅಂಚಿಗೆ, ಕಲ್ಲಿಗಲ್ಲ. ಈಗ ಎಲ್ಲರೂ ಇಷ್ಟಪಡುವುದು ಟೇಬಲ್ ಟಾಪ್ ಬೇಸಿನ್, ಅಂದರೆ ಕಲ್ಲಿನ ಮೇಲೆ ಬೋಗುಣಿ ಇಟ್ಟ ಹಾಗೆ ಕಾಣುವಂಥದ್ದು. ಅದೇ 5ರಿಂದ 6 ಇಂಚು ಎತ್ತರ ಇರುತ್ತದೆ. ಗಾರೆ ಮೇಸ್ತ್ರಿ ಅಭ್ಯಾಸದಂತೆ ಕಲ್ಲನ್ನು 32 ಇಂಚಿಗೆ ಕೂರಿಸಿದರೆ, ಬೋಗುಣಿಯ ಅಂಚು 38 ಇಂಚಿಗೆ ಹೋಗಿ ಕೂರುತ್ತದೆ.

ಗೆಳೆಯರೊಬ್ಬರ ಹೊಸ ಮನೆಯಲ್ಲಿ ಹೀಗಾಗಿತ್ತು. ಅವರ ತಾಯಿ ಮುಖ ತೊಳೆಯುವಾಗ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಕೈ ಮೇಲಕ್ಕೆ ಎತ್ತಿದ್ದರಿಂದ ಬೊಗಸೆಯ ನೀರು ಮುಂಗೈಯಿಂದ ಇಳಿದು, ಬಳೆ ದಾಟಿ, ಮೊಣಕೈಯಿಂದ ಸೀರೆಯ ಮೇಲೆ ಸುರಿಯುತ್ತಿತ್ತು. ದಿನಕ್ಕೆ ನಾಲ್ಕು ಸಲ. ಕಲ್ಲು ಕೂತುಬಿಟ್ಟಿದ್ದರಿಂದ ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಲೆಕ್ಕ ಸುಲಭ. 32ರಲ್ಲಿ ಬೇಸಿನ್ನಿನ ಎತ್ತರ ಕಳೆಯಿರಿ. 5 ಇಂಚಿನ ಬೋಗುಣಿಯಾದರೆ ಕಲ್ಲಿನ ಮೇಲ್ಮೈ 27 ಇಂಚಿಗೆ ಬರಬೇಕು. ಕಲ್ಲಿನ ಅಡಿಯಿಂದ ಅಂಟಿಸುವ ಅಂಡರ್ ಕೌಂಟರ್ ಬೇಸಿನ್ ಆದರೆ ಕಲ್ಲೇ ಅಂಚು, ಅದನ್ನು 32ಕ್ಕೆ ಇಡಿ. ಮನೆಯಲ್ಲಿ ಕುಳ್ಳಗಿರುವವರು, ವಯಸ್ಸಾದವರು ಹೆಚ್ಚು ಬಳಸುವ ಬಚ್ಚಲಾದರೆ ಇನ್ನೂ ಒಂದಿಂಚು ಇಳಿಸಿ. ಮಕ್ಕಳಿಗೆ ಸ್ಟೂಲು ಹಾಕಿದರಾಯಿತು, ಅಜ್ಜಿಗೆ ಸ್ಟೂಲು ಹಾಕುವ ಹಾಗಿಲ್ಲ. ಗಾಲಿಕುರ್ಚಿ ಬಳಸುವವರಿದ್ದರೆ ಕೆಳಗೆ ಕಪಾಟು ಬೇಡ. ಮೊಣಕಾಲು ಹೋಗುವುದಕ್ಕೆ ನೆಲದಿಂದ 27 ಇಂಚು ಖಾಲಿ ಬೇಕು. ಅಂಥ ಕಡೆ ಟೇಬಲ್ ಟಾಪ್ ಬೋಗುಣಿ ಹೊಂದುವುದಿಲ್ಲ, ತೆಳು ಬೇಸಿನ್ ನೋಡಿ.

ಇನ್ನೊಂದು ಎಚ್ಚರಿಕೆ. ಅಳತೆಯನ್ನು ಟೈಲ್ಸ್ ಹಾಕಿ ಮುಗಿದ ನೆಲದಿಂದ ತೆಗೆಯಬೇಕು. ಪ್ಲಂಬರ್ ಬರುವ ಹೊತ್ತಿಗೆ ನೆಲ ಇನ್ನೂ ಒರಟಾಗಿರುತ್ತದೆ. ಮೇಲೆ ಗಾರೆ, ಟೈಲ್ಸ್ ಸೇರಿ ಎರಡು ಮೂರು ಇಂಚು ಏರುತ್ತದೆ. ಟೈಲ್ಸಿನ ಮಟ್ಟವನ್ನು ಮೇಸ್ತ್ರಿಯಿಂದ ಗೋಡೆಯ ಮೇಲೆ ಗೆರೆ ಎಳೆಸಿ, ಆಮೇಲೆ ಪ್ಲಂಬರಿಗೆ ತೋರಿಸಿ.

4. ಬೇಸಿನ್ ಆರಿಸುವುದು

ಟೇಬಲ್ ಟಾಪ್ ನೋಡಲು ಚೆಂದ. ಆದರೆ ಬೋಗುಣಿಗೂ ಕಲ್ಲಿಗೂ ನಡುವಿನ ಸಂದಿಯಲ್ಲಿ, ಬೋಗುಣಿಯ ಹಿಂದೆ, ಸೋಪಿನ ಜಿಡ್ಡು ಕೂರುತ್ತದೆ. ಕೈ ಹೋಗಿ ಒರೆಸುವಷ್ಟು, ಕನಿಷ್ಠ ಎರಡು ಇಂಚು, ಹಿಂದೆ ಜಾಗ ಬಿಡಿ. ಅಂಡರ್ ಕೌಂಟರ್ ಆದರೆ ಕಲ್ಲಿನ ಮೇಲೆ ಚೆಲ್ಲಿದ ನೀರನ್ನು ನೇರ ಬೇಸಿನ್ನಿಗೆ ತಳ್ಳಬಹುದು. ದಿನವೂ ಒರೆಸುವ ಕೈಗಳ ಬಗ್ಗೆ ಯೋಚಿಸಿದರೆ ನನಗೆ ಇದೇ ಇಷ್ಟ. ಅದರ ತೊಂದರೆ ಎಂದರೆ ಬೇಸಿನ್ ಒಡೆದರೆ ಬದಲಿಸುವುದು ಕಷ್ಟ, ಅಂಟು ಬಿಟ್ಟರೆ ಕೆಳಗಿನ ಕಪಾಟಿಗೆ ನೀರು ಇಳಿಯುತ್ತದೆ. ಹಾಗಾಗಿ ಬರೀ ಅಂಟನ್ನು ನಂಬದೆ, ಕೆಳಗಿನಿಂದ ಕ್ಲ್ಯಾಂಪ್ ಅಥವಾ ಪಟ್ಟಿಯ ಆಧಾರ ಕೊಡಿಸಿ.

ಆಳ ನಾಲ್ಕು ಇಂಚಿಗಿಂತ ಕಡಿಮೆ ಇರುವ ತಟ್ಟೆಯಂಥ ಬೇಸಿನ್ ಬೇಡ, ನೀರು ಸಿಡಿದು ಅಂಗಿ ಒದ್ದೆಯಾಗುತ್ತದೆ. ಬಾಯಿ ಮುಕ್ಕಳಿಸುವುದು, ನಾಲಿಗೆ ಕೆರೆಯುವುದು, ಗಡ್ಡ ಬೋಳಿಸುವುದು ಎಲ್ಲ ಅಲ್ಲೇ ಆಗಬೇಕಲ್ಲ.

ಬಣ್ಣದ ಪ್ರಶ್ನೆಗೆ ಉತ್ತರ ನಿಮ್ಮ ನೀರಿನಲ್ಲಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೆ ಒಪ್ಪಬಹುದು. ಗಡಸು ನೀರು ಎಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರು. ಆರಿದಾಗ ಬಿಳಿ ಪೊರೆ ಬಿಡುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಬಳಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಗೀಸರ್ ಕಾಯಿಲ್ ನೋಡಿಯೇ ಗೊತ್ತಿರುತ್ತದೆ. ಅಂಥ ನೀರಿಗೆ ಕಪ್ಪು ಮ್ಯಾಟ್ ಬೇಸಿನ್, ಗಾಜಿನ ಬೇಸಿನ್, ಕಪ್ಪು ನಲ್ಲಿ ಮೂರೂ ಬೇಡ. ಆರು ತಿಂಗಳಲ್ಲಿ ವಿಭೂತಿ ಬಳಿದ ಹಾಗೆ ಆಗುತ್ತವೆ, ಗಟ್ಟಿಯಾಗಿ ತಿಕ್ಕಿದರೆ ಕಪ್ಪು ಬಣ್ಣವೇ ಕೀಳುತ್ತದೆ. ನುಣುಪಾದ ಬಿಳಿ ಸಿರಾಮಿಕ್ ತಗೊಳ್ಳಿ. ಪೊರೆ ಬಂದರೂ ಬಟ್ಟೆಗೆ ವಿನಿಗರ್ ಅದ್ದಿ ಹತ್ತು ನಿಮಿಷ ಬಿಟ್ಟು ಒರೆಸಿದರೆ ಹೋಗುತ್ತದೆ.

5. ನಲ್ಲಿ, ವೇಸ್ಟ್, ಬಾಟಲ್ ಟ್ರ್ಯಾಪ್

ಬೇಸಿನ್ ಕೊಂಡ ದಿನವೇ ಅದೇ ಅಂಗಡಿಯಲ್ಲಿ ನಲ್ಲಿಯನ್ನೂ ಅದರ ಪಕ್ಕ ಇಟ್ಟು ನೋಡಿ. ನಲ್ಲಿಯ ಮೂತಿಯಿಂದ ನೀರು ನೇರ ಕೆಳಗೆ ಬಿದ್ದರೆ ತೂತಿನ ಹತ್ತಿರ ಬೀಳಬೇಕು. ಮೂತಿ ಗಿಡ್ಡವಾದರೆ ಹಿಂದಿನ ಗೋಡೆಗೆ ಕೈ ತಾಗುತ್ತದೆ, ಉದ್ದವಾದರೆ ಮುಂದಿನ ಇಳಿಜಾರಿಗೆ ಬಡಿದು ಹೊಟ್ಟೆಗೆ ಸಿಡಿಯುತ್ತದೆ. ಟೇಬಲ್ ಟಾಪ್ ಬೋಗುಣಿಗೆ ಕಲ್ಲಿನ ಮೇಲೆ ನಿಲ್ಲುವ ಉದ್ದ ನಲ್ಲಿ ಬೇಕು, ಅದನ್ನು ಟಾಲ್ ಬಾಡಿ ಎನ್ನುತ್ತಾರೆ. ಗೋಡೆಯಿಂದ ಬರುವ ನಲ್ಲಿ ಬೇಕೆಂದರೆ ಟೈಲ್ಸಿಗೆ ಮೊದಲೇ ಗೋಡೆಯೊಳಗೆ ಪೈಪು ಕೂರಿಸಿರಬೇಕು, ಆಮೇಲೆ ಆಸೆಪಟ್ಟರೆ ಟೈಲ್ಸ್ ಒಡೆಯಬೇಕಾಗುತ್ತದೆ.

ಬಿಸಿ ತಣ್ಣೀರು ಬೆರೆಸುವ ಮಿಕ್ಸರ್ ಕೊಳ್ಳುವಾಗ ನೀರಿನ ಒತ್ತಡ ನೋಡಿ. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಸುಮಾರು ಒಂದು ಬಾರ್ ಒತ್ತಡ. ಬಾರ್ ಎಂಬುದು ಒತ್ತಡದ ಅಳತೆ. ನಿಮ್ಮ ಬಚ್ಚಲು ಮೇಲಿನ ಮಹಡಿಯಲ್ಲಿದ್ದು ಟ್ಯಾಂಕು ಅದರ ಮೇಲೆ ಬರೀ ಮೂರು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.3 ಬಾರ್. ಮಿಕ್ಸರಿನ ಡಬ್ಬಿಯ ಮೇಲೆ ಕನಿಷ್ಠ ಒತ್ತಡ 0.5 ಬಾರ್ ಎಂದಿದ್ದರೆ ನಿಮ್ಮ ಮನೆಯಲ್ಲಿ ನೀರು ದಾರದ ಹಾಗೆ ಬರುತ್ತದೆ. ಅಂಥವರು ಸಾದಾ ಪಿಲ್ಲರ್ ಕಾಕ್, ಅಂದರೆ ಬಿಸಿ ತಣ್ಣೀರು ಬೆರೆಸದ ಒಂಟಿ ನಲ್ಲಿ, ಹಾಕಿಸಿಕೊಳ್ಳಿ, ಇಲ್ಲವಾದರೆ ಪ್ರೆಷರ್ ಪಂಪಿಗೆ ಸಿದ್ಧರಾಗಿ.

ಬೇಸಿನ್ ತೂತಿಗೆ ಹಾಕುವ ಲೋಹದ ಭಾಗಕ್ಕೆ ವೇಸ್ಟ್ ಕಪ್ಲಿಂಗ್ ಎಂದು ಹೆಸರು. ಇದು ಹಾಫ್ ಥ್ರೆಡ್, ಫುಲ್ ಥ್ರೆಡ್ ಎಂದು ಎರಡು ಬಗೆ. ಬೇಸಿನ್ನಿನ ಮೇಲಂಚಿನ ಹತ್ತಿರ ಪುಟ್ಟ ತೂತಿದ್ದರೆ ಅದು ಓವರ್‌ಫ್ಲೋ, ತುಂಬಿ ಹರಿಯದಂತೆ ನೀರನ್ನು ಒಳದಾರಿಯಿಂದ ಇಳಿಸುತ್ತದೆ. ಅಂಥದ್ದಕ್ಕೆ ಹಾಫ್ ಥ್ರೆಡ್. ಓವರ್‌ಫ್ಲೋ ತೂತೇ ಇಲ್ಲದ್ದಕ್ಕೆ ಫುಲ್ ಥ್ರೆಡ್. ಅದಲು ಬದಲಾದರೆ ಒಂದೋ ಓವರ್‌ಫ್ಲೋ ದಾರಿ ಕಟ್ಟಿಕೊಳ್ಳುತ್ತದೆ, ಇಲ್ಲವೇ ಕಪ್ಲಿಂಗಿನ ಸೀಳಿನಿಂದ ನೀರು ಕಪಾಟಿಗೆ ಜಿನುಗುತ್ತದೆ. ಅಂಗಡಿಯಲ್ಲಿ ಕೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ, ನೀವೇ ಕೇಳಿ ತಗೊಳ್ಳಿ.

ಬೇಸಿನ್ ಕೆಳಗೆ ಬಾಟಲ್ ಟ್ರ್ಯಾಪ್ ಇರಲೇಬೇಕು. ಬಟ್ಟಲಿನಂಥ ಆ ಭಾಗದಲ್ಲಿ ಸದಾ ನಿಲ್ಲುವ ಸ್ವಲ್ಪ ನೀರು ಚರಂಡಿಯ ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಟ್ರ್ಯಾಪಿನ ಖರ್ಚು ಉಳಿಸಲು ಸುರುಳಿ ಪ್ಲಾಸ್ಟಿಕ್ ಪೈಪನ್ನು ನೇರ ಕೆಳಗೆ ಇಳಿಬಿಡುವವರಿದ್ದಾರೆ, ಒಪ್ಪಬೇಡಿ. ಊರಿಗೆ ಹೋಗಿ ತಿಂಗಳು ಕಳೆದು ಬಂದಾಗ ವಾಸನೆ ಬಂದರೆ ಗಾಬರಿ ಬೇಡ, ಟ್ರ್ಯಾಪಿನ ನೀರು ಆರಿರುತ್ತದೆ, ಒಂದು ಚೊಂಬು ಹೊಯ್ಯಿರಿ.

ತೂಗುವ ಕಪಾಟಿಗೆ ವೇಸ್ಟ್ ಪೈಪು ನೆಲಕ್ಕೆ ಇಳಿಯದೆ ಗೋಡೆಯೊಳಗೆ ಹೋಗಬೇಕು. ಕಪಾಟಿನ ತಳ 12 ಇಂಚಿನಲ್ಲಿ, ಕಲ್ಲು 27 ಇಂಚಿನಲ್ಲಿ ಇದ್ದರೆ ವೇಸ್ಟ್ ಬಾಯಿಯೂ ಎರಡು ಆಂಗಲ್ ಕಾಕ್‌ಗಳೂ ಈ ನಡುವಿನ ಜಾಗದಲ್ಲೇ ಬರಬೇಕು. ಆಂಗಲ್ ಕಾಕ್ ಎಂದರೆ ಗೋಡೆಯಿಂದ ನಲ್ಲಿಗೆ ಹೋಗುವ ನೀರನ್ನು ಅಲ್ಲೇ ನಿಲ್ಲಿಸುವ ಪುಟ್ಟ ನಲ್ಲಿ. ವೇಸ್ಟ್ 18 ಇಂಚಿನ ಆಸುಪಾಸು, ಆಂಗಲ್ ಕಾಕ್ 20ರಿಂದ 22 ಇಂಚು ಸಾಮಾನ್ಯ ಲೆಕ್ಕ. ಆದರೂ ನಿಮ್ಮ ಬೇಸಿನ್ ಡಬ್ಬಿಯಲ್ಲಿರುವ ನಕ್ಷೆಯನ್ನೇ ಪ್ಲಂಬರ್ ಕೈಗೆ ಕೊಡಿ. ಡ್ರಾಯರ್ ಬೇಕಾದರೆ ಟ್ರ್ಯಾಪಿಗೆ ತಾಗದಂತೆ ನಡುವೆ ಕತ್ತರಿಸಿದ ಡ್ರಾಯರ್ ಮಾಡಿಸಬೇಕು. ಅಷ್ಟು ತಾಪತ್ರಯಕ್ಕಿಂತ ಎರಡು ಬಾಗಿಲಿನ ಕಪಾಟು ಮೇಲು, ಸೋರಿದರೆ ಕೂಡಲೇ ಕಾಣುತ್ತದೆ.

6. ಕಪಾಟಿನ ಹಲಗೆ

ವ್ಯಾನಿಟಿಯ ಆಯಸ್ಸು ಇರುವುದು ಇಲ್ಲಿ. ಹೊರಗಿನ ಬಣ್ಣ ಒಂದೇ ಥರ ಕಂಡರೂ ಒಳಗೆ ಏನಿದೆ ಎಂದು ಕೇಳಬೇಕು, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. "ವಾಟರ್‌ಪ್ರೂಫ್ ಬೋರ್ಡ್" ಎಂಬ ಮಾತಿಗೆ ಅರ್ಥವಿಲ್ಲ, ಹೆಸರು ಬೇಕು.

ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಎರಡೂ ಬಚ್ಚಲಿಗೆ ಬೇಡ. ಒಂದು ಸಲ ನೀರು ಕುಡಿದರೆ ಉಬ್ಬುತ್ತವೆ, ಆರಿದರೂ ಮೊದಲಿನ ಹಾಗೆ ಆಗುವುದಿಲ್ಲ. ಎಚ್‌ಡಿಎಚ್‌ಎಂಆರ್ ಎಂಬುದು ಹೆಚ್ಚು ಒತ್ತಿ, ತೇವ ತಡೆಯುವ ಅಂಟು ಹಾಕಿದ್ದು. ಒಣ ಬಚ್ಚಲಿಗೆ ನಡೆಯುತ್ತದೆ, ಚೊಂಬಿನ ನೀರು ಬೀಳುವಲ್ಲಿ ನಾನು ಹಾಕಿಸುವುದಿಲ್ಲ.

ಪ್ಲೈವುಡ್ ಆದರೆ ಐಎಸ್ 710 ಎಂದು ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಅಚ್ಚಾಗಿರಬೇಕು. ಅಂಗಡಿಯವರು ಮರೈನ್ ಪ್ಲೈ ಅಥವಾ ಬಿಡಬ್ಲ್ಯುಪಿ ಎನ್ನುವುದು ಇದಕ್ಕೇ. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರಗಳ ನಡುವಿನ ಅಂಟು ಬಿಡಬಾರದು ಎಂಬುದು ಅದರ ಪರೀಕ್ಷೆ. ಐಎಸ್ 303ರ ಎಂಆರ್ ಪ್ಲೈ ಎಂದರೆ ಸಾದಾ ಕಮರ್ಷಿಯಲ್ ಪ್ಲೈ, ಅದು ಮಂಚ, ವಾರ್ಡ್‌ರೋಬಿಗೆ ಸರಿ. ಒಂದು ಮಾತು ನೆನಪಿಡಿ: ಮರೈನ್ ಪ್ಲೈಯಲ್ಲೂ ಗಟ್ಟಿಯಾಗಿರುವುದು ಅಂಟು, ಒಳಗಿರುವುದು ಮರವೇ. ಕತ್ತರಿಸಿದ ಅಂಚಿನಿಂದ ವರ್ಷಗಟ್ಟಲೆ ನೀರು ಕುಡಿದರೆ ಅದೂ ಕೊಳೆಯುತ್ತದೆ. ಪೈಪಿಗೆಂದು ಹಿಂದಿನ ಹಲಗೆಯಲ್ಲಿ ಕೊರೆದ ತೂತುಗಳ ಅಂಚು ಸಾಮಾನ್ಯವಾಗಿ ಏನೂ ಬಳಿಯದೆ ಬರಿದಾಗಿಯೇ ಉಳಿಯುತ್ತದೆ. ಕಾರ್ಪೆಂಟರ್ ಎದುರಿಗೇ ನಿಂತು ಆ ತೂತುಗಳಿಗೆ, ತಳದ ಅಂಚಿಗೆ ಎರಡು ಕೈ ಎನಾಮಲ್ ಪೇಂಟ್ ಹೊಡೆಸಿ, ಆರಿದ ಮೇಲೆ ಸಂದಿ ಮುಚ್ಚುವ ಸಿಲಿಕಾನ್ ಅಂಟು ತುಂಬಿಸಿ. ಸಣ್ಣ ಕೆಲಸ, ಕಪಾಟು ಉಳಿಯುವುದು ಇದರಿಂದಲೇ.

ನೀರು ಬೀಳುವ ಜಾಗಕ್ಕೆ ಡಬ್ಲ್ಯುಪಿಸಿ ಅಥವಾ ಪಿವಿಸಿ ಬೋರ್ಡ್ ನನ್ನ ಆಯ್ಕೆ. ಮೊದಲನೆಯದು ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು, ಎರಡನೆಯದು ಬರೀ ಪ್ಲಾಸ್ಟಿಕ್. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಇವಕ್ಕೂ ದೋಷವಿದೆ. ಸ್ಕ್ರೂ ಹಿಡಿತ ಪ್ಲೈಯಷ್ಟು ಇಲ್ಲ, ಒಂದೇ ತೂತಿಗೆ ಎರಡು ಸಲ ಸ್ಕ್ರೂ ಹಾಕಿದರೆ ಸಡಿಲ. ಅಗಲವಾದ ಬಾಗಿಲು ಬಾಗುತ್ತದೆ. ಬಾಗಿಲನ್ನು ಒಂದೂವರೆ ಅಡಿಗಿಂತ ಅಗಲ ಮಾಡಿಸಬೇಡಿ, 18 ಮಿ.ಮೀ. ದಪ್ಪ ಇರಲಿ, ಎರಡು ಬೋರ್ಡುಗಳಲ್ಲಿ ತೂಕ ಹೆಚ್ಚಿರುವುದನ್ನು ಆರಿಸಿ.

ಪರೀಕ್ಷೆ ಬೇಕೆ? ಅಂಗಡಿಯಲ್ಲಿ ನಾಲ್ಕು ಇಂಚಿನ ಒಂದು ತುಂಡು ಕೇಳಿ ತನ್ನಿ. ಅಂಚಿನ ದಪ್ಪ ಅಳೆದು ಬರೆದಿಟ್ಟು, ಭಾರ ಹೇರಿ ಬಕೆಟ್ ನೀರಿನಲ್ಲಿ ಎರಡು ದಿನ ಮುಳುಗಿಸಿ, ತೆಗೆದು ಮತ್ತೆ ಅಳೆಯಿರಿ. ಒಂದು ಮಿಲಿಮೀಟರ್ ಏರಿದ್ದರೂ ಆ ಹಲಗೆ ಬಚ್ಚಲಿಗೆ ಬೇಡ. ತುಂಡು ಕೊಡಲು ಹಿಂಜರಿಯುವ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

ಹಿಂಜ್ ಅಂದರೆ ಬಾಗಿಲಿನ ಕೀಲು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದಿರಲಿ, ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಂತೂ ಕಡ್ಡಾಯ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ಎನ್ನುತ್ತಾರೆ. ಅಗ್ಗದ 202 ದರ್ಜೆಗೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಆ ಪರೀಕ್ಷೆ ಸಾಲದು, ದರ್ಜೆಯನ್ನು ಬಿಲ್ಲಿನಲ್ಲೇ ಬರೆಸಿ. ಮತ್ತೆ, ಬಾತ್‌ರೂಮ್ ತೊಳೆಯುವ ಆಸಿಡ್ ಬಾಟಲಿಯನ್ನು ಆ ಕಪಾಟಿನೊಳಗೆ ಇಡಬೇಡಿ. ಮುಚ್ಚಳ ಬಿಗಿದಿದ್ದರೂ ಹೊರಬರುವ ಆವಿ ಎಂಥ ಕೀಲನ್ನಾದರೂ ತಿನ್ನುತ್ತದೆ.

7. ಮೇಲಿನ ಕಲ್ಲು

ಗ್ರಾನೈಟ್ ಬಿಟ್ಟು ದೂರ ಹುಡುಕಬೇಕಿಲ್ಲ. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು, ಕನಕಪುರದ ಬಹುಬಣ್ಣದ ಕಲ್ಲು ನಮ್ಮಲ್ಲೇ ಸಿಗುವಾಗ, ನೀರಿಗೂ ಸೋಪಿಗೂ ಜಗ್ಗದ ವಸ್ತು ಮನೆ ಬಾಗಿಲಲ್ಲೇ ಇದ್ದ ಹಾಗೆ. ಬೆಂಗಳೂರಿನವರು ಜಿಗಣಿಯ ಕಡೆ ಹೋಗಿ, ಅಡುಗೆಮನೆಗೆ ಕೊಯ್ದು ಉಳಿದ ತುಂಡುಗಳನ್ನು ಕೇಳಿ. ವ್ಯಾನಿಟಿಗೆ ಬೇಕಾಗುವುದು ನಾಲ್ಕು ಅಡಿಯ ಒಂದು ತುಂಡು ಅಷ್ಟೇ. ಕಪ್ಪು ಕಲ್ಲಿನ ಮೇಲೆ ಗಡಸು ನೀರಿನ ಕಲೆ ಎದ್ದು ಕಾಣುತ್ತದೆ, ಬೋರ್‌ವೆಲ್ ನೀರಿನವರು ಚುಕ್ಕಿ ಇರುವ ಬೂದು ಅಥವಾ ಕಂದು ಬಣ್ಣ ಆರಿಸಿ.

ಬಿಳಿ ಮಾರ್ಬಲ್ ಬೇಡ. ಅರಿಶಿನ, ಕುಂಕುಮ, ಕೊಬ್ಬರಿ ಎಣ್ಣೆ, ತಲೆಗೆ ಹಚ್ಚುವ ಬಣ್ಣ ಎಲ್ಲವನ್ನೂ ಹೀರಿಕೊಳ್ಳುತ್ತದೆ. ನಿಂಬೆಹಣ್ಣಿನ ರಸ ಬಿದ್ದರೂ ಹೊಳಪು ಹೋಗುತ್ತದೆ.

ಬೇಸಿನ್ ಕೈಗೆ ಬರುವವರೆಗೆ ಕಲ್ಲು ಕೊರೆಸಬೇಡಿ, ನಕ್ಷೆ ನೋಡಿ ಕೊರೆದ ತೂತು ಕಾಲಿಂಚು ತಪ್ಪಿದರೆ ಕಲ್ಲೇ ಹಾಳು. ಮುಂದಿನ ಅಂಚಿನ ಅಡಿಭಾಗದಲ್ಲಿ, ತುದಿಯಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ತೆಳುವಾದ ಒಂದು ಗೆರೆ ಕೊರೆಸಿ. ಅಂಚಿನಿಂದ ಇಳಿದ ನೀರು ಕಲ್ಲಿನ ಅಡಿ ಹಿಡಿದು ಕಪಾಟಿನ ಬಾಗಿಲಿಗೆ ಹೋಗುವ ಬದಲು ಆ ಗೆರೆಯಲ್ಲೇ ಹನಿದು ಬೀಳುತ್ತದೆ. ಹಳೇ ಮನೆಗಳ ಸಜ್ಜದ ಅಡಿಯಲ್ಲಿ ನೋಡಿರುತ್ತೀರಿ, ಅದೇ ಉಪಾಯ.

8. ಗೋಡೆ ಭಾರ ಹೊರುತ್ತದೋ?

ಕಲ್ಲು, ಬೇಸಿನ್, ಕಪಾಟು, ಅದರ ಮೇಲೆ ಒರಗುವ ಮನುಷ್ಯರ ಭಾರ, ಎಲ್ಲ ಗೋಡೆಯ ಮೇಲೆ. ಇಟ್ಟಿಗೆ, ಸಾಲಿಡ್ ಬ್ಲಾಕ್ ಆದರೆ ಆಂಕರ್ ಬೋಲ್ಟ್, ಅಂದರೆ ಗೋಡೆಯೊಳಗೆ ಬಿಗಿದು ಭಾರ ಹಿಡಿಯುವ ಬೋಲ್ಟ್, ಗಟ್ಟಿಯಾಗಿ ಕೂರುತ್ತದೆ. ಹಗುರವಾದ ಎಎಸಿ ಬ್ಲಾಕ್ ಗೋಡೆಯಾದರೆ ಸಾದಾ ಬೋಲ್ಟ್ ಹಿಡಿಯುವುದಿಲ್ಲ, ಅದಕ್ಕೆಂದೇ ಬರುವ ಆಂಕರ್ ಅಥವಾ ತೂತಿಗೆ ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್ ಬೇಕು. ಯಾವ ಗೋಡೆಯಾದರೂ ಕಲ್ಲಿನ ಭಾರವನ್ನು ಕಪಾಟಿನ ಮೇಲೆ ಹೇರಬೇಡಿ. ಎಲ್ ಆಕಾರದ ಸ್ಟೀಲ್ ಬ್ರಾಕೆಟ್ ಗೋಡೆಗೆ ಹಾಕಿ ಕಲ್ಲನ್ನು ಅದರ ಮೇಲೆ ಕೂರಿಸಿ, ಕಪಾಟು ಬೇರೆಯಾಗಿ ತೂಗಲಿ. ನಾಳೆ ಕಪಾಟು ಹಾಳಾದರೆ ಕಲ್ಲು, ಬೇಸಿನ್ ಅಲುಗಾಡಿಸದೆ ಅದೊಂದನ್ನೇ ಬದಲಿಸಬಹುದು.

ವಯಸ್ಸಾದವರು ಏಳುವಾಗ ಕಲ್ಲಿನ ಅಂಚು ಹಿಡಿದುಕೊಳ್ಳುತ್ತಾರೆ. ಪಕ್ಕದಲ್ಲೊಂದು ಹಿಡಿಕೆ ಕಂಬಿ ಹಾಕಿಸಿಬಿಡಿ.

9. ಕನ್ನಡಿ, ದೀಪ

ದೀಪ ನೆತ್ತಿಯ ಮೇಲಿದ್ದರೆ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಕನ್ನಡಿಯ ಎರಡೂ ಬದಿಗೆ ಮುಖದ ಎತ್ತರಕ್ಕೆ ಕೊಡಿಸಿ. ಬಚ್ಚಲಿನ ದೀಪ, ಎಲ್‌ಇಡಿ ಕನ್ನಡಿಗೆ ಐಪಿ 44 ಎಂಬ ಗುರುತಿರಲಿ, ಅಂದರೆ ನೀರು ಸಿಡಿದರೂ ತಡೆಯುತ್ತದೆ. ಟ್ರಿಮ್ಮರಿನ ಪ್ಲಗ್ ಪಾಯಿಂಟು ಬೇಸಿನ್ನಿನಿಂದ ದೂರ, ಮುಚ್ಚಳವಿರುವಂಥದ್ದು. ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಶಾಕ್ ಹೊಡೆಯುವಂಥ ಸೋರಿಕೆ ಆದ ಕ್ಷಣ ಕರೆಂಟ್ ಕಡಿಯುವ ಸ್ವಿಚ್ಚು, ಇಲ್ಲದಿದ್ದರೆ ವ್ಯಾನಿಟಿಗಿಂತ ಮೊದಲು ಅದನ್ನು ಹಾಕಿಸಿ. ಇದರಲ್ಲಿ ಹಣ ಉಳಿಸುವ ಮಾತೇ ಬೇಡ.

10. ಕೂರಿಸುವ ದಿನ ನೀವು ಅಲ್ಲೇ ಇರಿ

ಸಿಲಿಕಾನ್ ಹಚ್ಚಿದ ಮೇಲೆ 24 ಗಂಟೆ ನೀರು ತಾಗಿಸಬೇಡಿ. "ಸಂಜೆಗೇ ಬಳಸಬಹುದು" ಎನ್ನುತ್ತಾರೆ, ತಡೆದುಕೊಳ್ಳಿ. ಕೆಲಸದವರಿಗೆ ಪೂರ್ತಿ ಹಣ ಕೊಡುವುದು ಮರುದಿನದ ಪರೀಕ್ಷೆಯ ನಂತರ ಎಂದು ಮೊದಲೇ ಮಾತಾಡಿಕೊಳ್ಳಿ.

ಮರುದಿನ ಬೇಸಿನ್ ಬಾಯಿ ಮುಚ್ಚಿ ನೀರು ತುಂಬಿಸಿ. ಓವರ್‌ಫ್ಲೋ ಇದ್ದರೆ ಅಲ್ಲಿಂದ ಇಳಿಯುತ್ತದೋ ನೋಡಿ. ಬಾಟಲ್ ಟ್ರ್ಯಾಪ್, ಎರಡು ಆಂಗಲ್ ಕಾಕ್, ಕನೆಕ್ಷನ್ ಪೈಪಿನ ತಿರುಪುಗಳು, ಎಲ್ಲದರ ಕೆಳಗೂ ಒಂದೊಂದು ಒಣ ಟಿಶ್ಯೂ ಪೇಪರ್ ಇಡಿ. ಈಗ ಬಾಯಿ ತೆರೆದು ನೀರನ್ನೆಲ್ಲ ಒಮ್ಮೆಲೇ ಬಿಡಿ. ಟಾರ್ಚ್ ಹಿಡಿದು ಒಳಗೆ ನೋಡಿ. ಕಣ್ಣಿಗೆ ಕಾಣದ ಜಿನುಗು ಟಿಶ್ಯೂ ಮೇಲೆ ಒದ್ದೆ ಚುಕ್ಕಿಯಾಗಿ ಕಾಣುತ್ತದೆ. ಆ ಟಿಶ್ಯೂಗಳನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ಮುಟ್ಟಿ ನೋಡಿ.

ಆಮೇಲೆ ಮೂರು ತಿಂಗಳಿಗೊಮ್ಮೆ ಎರಡೂ ಆಂಗಲ್ ಕಾಕ್ ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಗಡಸು ನೀರಿನಲ್ಲಿ ತಿರುಗಿಸದೆ ಬಿಟ್ಟ ಕಾಕ್ ಹಿಡಿದುಕೊಂಡುಬಿಡುತ್ತದೆ. ಒಂದು ದಿನ ಕನೆಕ್ಷನ್ ಪೈಪು ಒಡೆದು ನೀರು ಚಿಮ್ಮುವಾಗ ಅದು ತಿರುಗದಿದ್ದರೆ, ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ಮುಚ್ಚುವಷ್ಟರಲ್ಲಿ ಕಪಾಟು, ಅದರಾಚೆಯ ಮಲಗುವ ಕೋಣೆ ಎರಡೂ ನೆನೆದಿರುತ್ತವೆ. ಕೂರಿಸಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮನೆಯಲ್ಲಿ ಎಲ್ಲರಿಗೂ ಆ ಕಾಕ್ ಎಲ್ಲಿದೆ ಎಂದು ಒಮ್ಮೆ ತೋರಿಸಿಡಿ.